ಡಿಜಿಟಲ್ ಭಾವಚಿತ್ರ: ಮೊದಲ ಗೆರೆಯಿಂದ ಬಿಲ್ಲಿನವರೆಗೆ

ಡಿಜಿಟಲ್ ಚಿತ್ರರಚನೆಯನ್ನು ಹೊಸದಾಗಿ ಕೈಗೆತ್ತಿಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಯಾವ ಆ್ಯಪ್ ಬಳಸಬೇಕು? ನೆರಳು ಹಾಕಿದ ಮೇಲೆ ಮುಖ ಮಸಿ ಹಿಡಿದಂತೆ ಏಕೆ ಕಾಣುತ್ತದೆ? ಯಾರಾದರೂ ಚಿತ್ರ ಮಾಡಿಕೊಡಿ ಎಂದರೆ ಎಷ್ಟು ಹಣ ಕೇಳಬೇಕು? ಇವನ್ನು ಬೇರೆ ಬೇರೆ ವಿಷಯಗಳೆಂದು ನೋಡುವುದು ವಾಡಿಕೆಯಾದರೂ ಎರಡನೆಯದಕ್ಕೂ ಮೂರನೆಯದಕ್ಕೂ ನೇರ ಸಂಬಂಧವಿದೆ. ಒಂದು ಭಾವಚಿತ್ರಕ್ಕೆ ಹಿಡಿಯುವ ಸಮಯದಲ್ಲಿ ದೊಡ್ಡ ಪಾಲು ನೆರಳು-ಬೆಳಕಿನ ಕೆಲಸಕ್ಕೇ ಹೋಗುತ್ತದೆ. ಯಾವ ಬಗೆಯ ಶೇಡಿಂಗ್ ಮಾಡುತ್ತೀರಿ ಎಂಬುದನ್ನು ನಿರ್ಧರಿಸದೆ ಬೆಲೆ ಹೇಳಿದರೆ ಅದು ಬರಿಯ ಊಹೆಯಾಗುತ್ತದೆ, ಮತ್ತು ಆ ಊಹೆಯಲ್ಲಿ ನಷ್ಟವಾಗುವುದು ಹೆಚ್ಚಾಗಿ ಕಲಾವಿದರಿಗೇ.

ಆದ್ದರಿಂದ ಈ ಲೇಖನದಲ್ಲಿ ಒಂದೇ ಕೆಲಸವನ್ನು ಉದಾಹರಣೆಯಾಗಿ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ನೋಡೋಣ: ಗ್ರಾಹಕರೊಬ್ಬರು ತಮ್ಮ ಅಜ್ಜಿಯ ಹಳೆಯ ಫೋಟೋ ಕೊಟ್ಟು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಎ3 ಅಳತೆಯ ಭಾವಚಿತ್ರ ಕೇಳಿದ್ದಾರೆ. ಓದುವ ಅನುಕೂಲಕ್ಕಾಗಿ ಬೆಲೆಯ ವಿಷಯವನ್ನು 7ನೆಯ ಹಂತದಲ್ಲಿ ಇಟ್ಟಿದ್ದೇನೆ. ನಿಜವಾದ ಕೆಲಸದಲ್ಲಿ ಮಾತ್ರ 7 ಮತ್ತು 8ನೆಯ ಹಂತಗಳನ್ನು ಮುಗಿಸಿದ ನಂತರವೇ ಕರಡಿಗೆ ಕೈ ಹಾಕಬೇಕು.

ಹಂತ 1: ಸಲಕರಣೆ ಮತ್ತು ಆ್ಯಪ್

ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಂಪ್ಯೂಟರ್ ಇದ್ದವರು ಪರದೆಯಿಲ್ಲದ ಚಿಕ್ಕ ಪೆನ್ ಟ್ಯಾಬ್ಲೆಟ್ ಒಂದನ್ನು ಕೊಂಡು ಕ್ರಿತಾ ಎಂಬ ತಂತ್ರಾಂಶವನ್ನು ಹಾಕಿಕೊಂಡರೆ ಸಾಕು. ಅದು ಪೂರ್ತಿ ಉಚಿತ ಮತ್ತು ಮುಕ್ತ ತಂತ್ರಾಂಶವಾಗಿದ್ದು, ಮುದ್ರಣಕ್ಕೆ ಬೇಕಾದ ಬಣ್ಣದ ವ್ಯವಸ್ಥೆಯನ್ನೂ ಒಳಗೊಂಡಿದೆ. ಐಪ್ಯಾಡ್ ಇದ್ದವರಿಗೆ ಪ್ರೊಕ್ರಿಯೇಟ್ ಇದೆ. ಅದಕ್ಕೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ತಿಂಗಳ ಚಂದಾ ಇಲ್ಲ. ಆಂಡ್ರಾಯ್ಡ್ ಫೋನ್ ಅಥವಾ ಟ್ಯಾಬ್ ಇದ್ದವರಿಗೆ ಐಬಿಸ್ ಪೇಂಟ್ ಸಾಕಾಗುತ್ತದೆ. ಪೆನ್ನು ಒತ್ತಡವನ್ನು ಗ್ರಹಿಸುವಂಥದ್ದಾಗಿರಲಿ, ಅಂದರೆ ಮೆಲ್ಲಗೆ ಒತ್ತಿದರೆ ತೆಳುವಾದ ಗೆರೆ, ಜೋರಾಗಿ ಒತ್ತಿದರೆ ದಪ್ಪ ಗೆರೆ ಬರುವಂತಿರಲಿ. ಪೆಟ್ಟಿಗೆಯ ಮೇಲೆ ಬರೆದಿರುವ ಒತ್ತಡದ ಮಟ್ಟ 4096 ಆಗಿರಲಿ, 8192 ಆಗಿರಲಿ, ಕೈಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕಾಗಿ ಹೆಚ್ಚು ಹಣ ಸುರಿಯಬೇಡಿ.

ಬ್ರಷ್‌ಗಳ ವಿಷಯದಲ್ಲಿಯೂ ಇದೇ ಮಾತು. ನೂರಾರು ಬ್ರಷ್ ಇಳಿಸಿಕೊಳ್ಳುವ ಬದಲು ಗೆರೆಗೆ ಒಂದು, ಬಣ್ಣ ತುಂಬಲು ಅಂಚು ಗಟ್ಟಿಯಾಗಿರುವ ಒಂದು, ಮೃದುವಾಗಿ ಬೆರೆಸಲು ಒಂದು, ಕೂದಲು ಮತ್ತು ಬಟ್ಟೆಯ ಒರಟುತನಕ್ಕೆ ಒಂದು, ಹೀಗೆ ನಾಲ್ಕರಲ್ಲಿ ಮೊದಲ ಕೆಲವು ತಿಂಗಳು ಕಳೆಯಿರಿ.

ಹಂತ 2: ಕ್ಯಾನ್ವಾಸಿನ ಅಳತೆ

ಚಿತ್ರ ಎಲ್ಲಿ, ಯಾವ ಗಾತ್ರದಲ್ಲಿ ಮುದ್ರಣವಾಗುತ್ತದೆ ಎಂಬುದನ್ನು ಕೇಳಿ ತಿಳಿದುಕೊಂಡೇ ಹೊಸ ಫೈಲ್ ತೆರೆಯಬೇಕು. ಹತ್ತಿರದಿಂದ ನೋಡುವ ಚಿತ್ರಕ್ಕೆ ಒಂದು ಅಂಗುಲಕ್ಕೆ 300 ಚುಕ್ಕೆಗಳಿರಬೇಕು ಎಂಬುದು ಮುದ್ರಣದವರ ರೂಢಿ. ಇದನ್ನೇ 300 ಡಿಪಿಐ ಎನ್ನುತ್ತಾರೆ. ಆ ಲೆಕ್ಕದಲ್ಲಿ ಎ4 ಹಾಳೆಗೆ 2480 × 3508 ಪಿಕ್ಸೆಲ್, ನಮ್ಮ ಉದಾಹರಣೆಯ ಎ3 ಹಾಳೆಗೆ 3508 × 4961 ಪಿಕ್ಸೆಲ್ ಬೇಕು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. 1000 × 1400 ಪಿಕ್ಸೆಲ್‌ನಲ್ಲಿ ಚಿತ್ರ ಮುಗಿಸಿ, ಆಮೇಲೆ ಡಿಪಿಐ ಎಂಬ ಪೆಟ್ಟಿಗೆಯಲ್ಲಿ 300 ಎಂದು ಬರೆದರೆ ಚಿತ್ರ ಸ್ಪಷ್ಟವಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಪಿಕ್ಸೆಲ್‌ಗಳ ಒಟ್ಟು ಸಂಖ್ಯೆಯೇ. ದೊಡ್ಡದನ್ನು ಚಿಕ್ಕದು ಮಾಡಬಹುದು. ಚಿಕ್ಕದನ್ನು ಹಿಗ್ಗಿಸಿದರೆ ಗೆರೆಗಳು ಮಸುಕಾಗುತ್ತವೆ. ಫೋನಿನಲ್ಲಿ ಕೆಲಸ ಮಾಡುವವರು ಇನ್ನೊಂದನ್ನು ಗಮನಿಸಬೇಕು: ಕ್ಯಾನ್ವಾಸ್ ದೊಡ್ಡದಾದಷ್ಟೂ ಚಿತ್ರದ ಭಾಗಗಳನ್ನು ಬೇರೆ ಬೇರೆ ಇಡುವ ಪದರಗಳ, ಅಂದರೆ ಲೇಯರ್‌ಗಳ, ಸಂಖ್ಯೆ ಕಡಿಮೆಯಾಗುತ್ತದೆ. ನಿಮ್ಮ ಸಾಧನ ಎ3 ಅಳತೆಯಲ್ಲಿ ಎಷ್ಟು ಲೇಯರ್ ಕೊಡುತ್ತದೆ ಎಂದು ಮೊದಲೇ ಪರೀಕ್ಷಿಸಿ, ನಂತರ ಕೆಲಸ ಒಪ್ಪಿಕೊಳ್ಳಿ.

ಪರದೆ ಬೆಳಕನ್ನು ಹೊರಸೂಸಿ ಬಣ್ಣ ತೋರಿಸುತ್ತದೆ, ಅದು ಆರ್‌ಜಿಬಿ. ಮುದ್ರಣ ಯಂತ್ರ ನಾಲ್ಕು ಶಾಯಿಗಳನ್ನು ಬೆರೆಸಿ ಬಣ್ಣ ತೋರಿಸುತ್ತದೆ, ಅದು ಸಿಎಂವೈಕೆ. ಪರದೆಯಲ್ಲಿ ಹೊಳೆಯುವ ಗಿಳಿಹಸಿರು, ಕಡುನೀಲಿ, ಗುಲಾಬಿ ಬಣ್ಣಗಳು ಕಾಗದದ ಮೇಲೆ ಮಂಕಾಗಲು ಇದೇ ಕಾರಣ. ಚಿತ್ರವನ್ನು ಆರ್‌ಜಿಬಿಯಲ್ಲಿಯೇ ರಚಿಸಿ, ಆದರೆ ಮುದ್ರಣದಲ್ಲಿ ಹೇಗೆ ಕಾಣಬಹುದು ಎಂಬುದನ್ನು ಕ್ರಿತಾದ ಸಾಫ್ಟ್ ಪ್ರೂಫಿಂಗ್ ಸೌಲಭ್ಯದಲ್ಲಿ ಆಗಾಗ ನೋಡಿಕೊಳ್ಳಿ. ಅಜ್ಜಿ ಉಟ್ಟಿರುವುದು ಗಿಳಿಹಸಿರು ಸೀರೆಯಾದರೆ ಈ ಎಚ್ಚರಿಕೆ ಇನ್ನೂ ಅಗತ್ಯ.

ಹಂತ 3: ಕರಡು, ಗೆರೆ ಮತ್ತು ಲೇಯರ್‌ಗಳ ಜೋಡಣೆ

ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ. ಕೆಳಗಿನಿಂದ ಮೇಲಕ್ಕೆ ಹಿನ್ನೆಲೆ, ಸಮಬಣ್ಣ (ನೆರಳು-ಬೆಳಕಿಲ್ಲದೆ ಒಂದೇ ಸಮನೆ ತುಂಬಿದ ಬಣ್ಣ), ನೆರಳು, ಬೆಳಕು, ಗೆರೆ ಎಂಬ ಕ್ರಮದಲ್ಲಿ ಇಟ್ಟುಕೊಂಡು, ಪ್ರತಿಯೊಂದಕ್ಕೂ ಹೆಸರು ಕೊಡಿ. ಕರಡಿನ ಲೇಯರ್ ಎಲ್ಲಕ್ಕಿಂತ ಮೇಲಿರಲಿ, ಗೆರೆ ಮುಗಿದ ಮೇಲೆ ಅದನ್ನು ಮರೆಮಾಡಿ.

ಗೆರೆ ನಡುಗುತ್ತದೆ ಎಂಬ ದೂರಿಗೆ ಎರಡು ಪರಿಹಾರಗಳಿವೆ. ಮಣಿಕಟ್ಟಿನಿಂದ ಎಳೆಯುವ ಬದಲು ಭುಜದಿಂದ ಕೈ ಆಡಿಸಿ ಉದ್ದ ಗೆರೆಗಳನ್ನು ಒಂದೇ ಬೀಸಿನಲ್ಲಿ ಎಳೆಯುವುದು ಮೊದಲನೆಯದು. ಸ್ಟೆಬಿಲೈಸರ್, ಅಂದರೆ ಕೈಯ ನಡುಕವನ್ನು ಸರಿಪಡಿಸಿ ಗೆರೆಯನ್ನು ನಯಗೊಳಿಸುವ ಸೌಲಭ್ಯ, ಎರಡನೆಯದು. ಅದನ್ನು ಅತಿಯಾಗಿ ಏರಿಸಿದರೆ ಗೆರೆ ಪೆನ್ನಿನ ಹಿಂದೆ ತಡವಾಗಿ ಬರುತ್ತದೆ, ಮುಖದ ಸೂಕ್ಷ್ಮ ತಿರುವುಗಳು ಸಪ್ಪೆಯಾಗುತ್ತವೆ. ಸೀರೆಯ ಅಂಚಿಗೆ ಹೆಚ್ಚು, ಕಣ್ಣು-ತುಟಿಗಳಿಗೆ ಕಡಿಮೆ ಇಟ್ಟುಕೊಳ್ಳಿ.

ಕರಡು ಮುಗಿದ ಕೂಡಲೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ನೋಡಿ. ಕ್ರಿತಾದಲ್ಲಿ ಎಂ ಕೀಲಿ ಒತ್ತಿದರೆ ಸಾಕು. ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ಇರುವುದು ತಿರುಗಿಸಿದಾಗ ತಟ್ಟನೆ ಕಾಣುತ್ತದೆ. ಗ್ರಾಹಕರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಾದದ್ದು ಈ ಕರಡನ್ನೇ. ಹೋಲಿಕೆ ಸರಿಯಿಲ್ಲ ಎಂಬ ಮಾತು ಬರುವುದಾದರೆ ಇಲ್ಲೇ ಬರಲಿ, ಶೇಡಿಂಗ್ ಮುಗಿದ ಮೇಲೆ ಅಲ್ಲ.

ಹಂತ 4: ಬೆಳಕಿನ ದಿಕ್ಕು

ಶೇಡಿಂಗ್ ಕೆಡುವುದು ಬ್ರಷ್ಷಿನಿಂದಲ್ಲ. ಬೆಳಕು ಎಲ್ಲಿಂದ ಬರುತ್ತಿದೆ ಎಂಬುದನ್ನು ನಿರ್ಧರಿಸದೆ ನೆರಳು ಹಾಕಲು ಕುಳಿತಾಗ ಕೆಡುತ್ತದೆ. ಹಳೆಯ ಫೋಟೋಗಳಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಅವುಗಳಲ್ಲಿ ಬಹಳಷ್ಟನ್ನು ಎದುರಿನಿಂದ ಫ್ಲ್ಯಾಷ್ ಹೊಡೆದು ತೆಗೆದಿರುತ್ತಾರೆ. ಮುಖವೆಲ್ಲ ಒಂದೇ ಸಮನೆ ಬೆಳಗಿ, ಉಬ್ಬುತಗ್ಗುಗಳು ಅಳಿಸಿಹೋಗಿರುತ್ತವೆ. ಅದನ್ನು ಹಾಗೆಯೇ ನಕಲು ಮಾಡಿದರೆ ಚಿತ್ರ ಚಪ್ಪಟೆಯಾಗುತ್ತದೆ. ಬೆಳಕು ಎಡಗಡೆ ಮೇಲಿನ ಕಿಟಕಿಯಿಂದ ಬರುತ್ತಿದೆ ಎಂದು ನೀವೇ ನಿರ್ಧರಿಸಿ, ಕ್ಯಾನ್ವಾಸಿನ ಮೂಲೆಯಲ್ಲಿ ಒಂದು ಬಾಣದ ಗುರುತು ಹಾಕಿಕೊಂಡು, ಕೆಲಸ ಮುಗಿಯುವವರೆಗೂ ಅದನ್ನು ಅಳಿಸಬೇಡಿ.

ನೆರಳಿನ ಭಾಗಗಳನ್ನು ಗುರುತಿಸಲು ಮನೆಯಲ್ಲಿರುವ ಮಣ್ಣಿನ ಮಡಕೆಯೊಂದನ್ನು ಕಿಟಕಿಯ ಪಕ್ಕದಲ್ಲಿಟ್ಟು ನೋಡುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಕಿಟಕಿಯತ್ತ ಮುಖ ಮಾಡಿದ ಬದಿ ಬೆಳಕಿನ ಭಾಗ. ಮಡಕೆ ದುಂಡಗೆ ತಿರುಗುತ್ತ ಹೋದಂತೆ ಬೆಳಕು ಮೆಲ್ಲಗೆ ಇಳಿಯುವುದು ನಡುಛಾಯೆ. ಬೆಳಕು ತಲುಪುವುದು ನಿಲ್ಲುವಲ್ಲಿ ಕಾಣುವ ದಟ್ಟವಾದ ಪಟ್ಟಿ ಗಾಢನೆರಳು. ಸ್ವಾರಸ್ಯವಿರುವುದು ಅದರಾಚೆ: ಮಡಕೆಯ ಕೊನೆಯ ಅಂಚಿನ ಹತ್ತಿರ ನೆರಳು ಮತ್ತೆ ಸ್ವಲ್ಪ ತಿಳಿಯಾಗುತ್ತದೆ, ಏಕೆಂದರೆ ನೆಲಕ್ಕೆ ಮತ್ತು ಗೋಡೆಗೆ ಬಿದ್ದ ಬೆಳಕು ತಿರುಗಿ ಬಂದು ಅಲ್ಲಿ ತಾಗುತ್ತದೆ. ಇದನ್ನು ಮರುಬೆಳಕು ಎನ್ನೋಣ. ನೆಲದ ಮೇಲೆ ಚಾಚಿಕೊಂಡಿರುವುದು ಬೀಳುನೆರಳು. ಮಡಕೆಯ ತಳ ನೆಲಕ್ಕೆ ತಾಗುವ ಸಂದಿಯಲ್ಲಿ ಯಾವ ಬೆಳಕೂ ಹೋಗದ ಒಂದು ತೆಳು ಕಪ್ಪು ಗೆರೆ ಇರುತ್ತದೆ. ಅದು ಸಂದಿನೆರಳು, ಇಡೀ ದೃಶ್ಯದಲ್ಲಿ ಅತ್ಯಂತ ಕಪ್ಪಾದ ಜಾಗ.

ಈ ಆರನ್ನೂ ಅಜ್ಜಿಯ ಮುಖದಲ್ಲಿ ಹುಡುಕಿ. ಮೂಗಿನ ಪಕ್ಕ ಕೆನ್ನೆಯ ಮೇಲೆ ಬೀಳುನೆರಳು, ತುಟಿಗಳು ಸೇರುವಲ್ಲಿ ಸಂದಿನೆರಳು, ಸೀರೆಯ ಬಣ್ಣ ಗಲ್ಲದ ಅಡಿಗೆ ತಿರುಗಿ ಹೊಡೆಯುವಲ್ಲಿ ಮರುಬೆಳಕು ಇರುತ್ತವೆ. ಒಂದು ನಿಯಮವನ್ನು ಮಾತ್ರ ಮರೆಯಬೇಡಿ: ಮರುಬೆಳಕು ನೆರಳಿನ ಭಾಗಕ್ಕೆ ಸೇರಿದ್ದು, ಅದು ಎಷ್ಟೇ ತಿಳಿಯಾದರೂ ಬೆಳಕಿನ ಭಾಗದ ನಡುಛಾಯೆಗಿಂತ ಕಪ್ಪಾಗಿಯೇ ಇರಬೇಕು. ಇದನ್ನು ಮೀರಿದ ಕೂಡಲೇ ಮುಖ ತಗಡಿನಂತೆ ಹೊಳೆಯತೊಡಗುತ್ತದೆ.

ಅಂಚುಗಳಿಗೂ ಇಷ್ಟೇ ಮಹತ್ವ ಕೊಡಿ. ಕೆನ್ನೆಯಂಥ ದುಂಡು ಭಾಗದಲ್ಲಿ ಬೆಳಕಿನಿಂದ ನೆರಳಿಗೆ ಹೋಗುವ ಅಂಚು ಮೃದುವಾಗಿರುತ್ತದೆ. ಬೀಳುನೆರಳಿನ ಅಂಚು ಅದನ್ನು ಬೀಳಿಸಿದ ವಸ್ತುವಿನ ಹತ್ತಿರ ಹರಿತವಾಗಿದ್ದು, ದೂರ ಹೋದಂತೆ ಮಸುಕಾಗುತ್ತದೆ. ಎಲ್ಲ ಅಂಚನ್ನೂ ಒಂದೇ ಮೃದು ಬ್ರಷ್ಷಿನಿಂದ ತಿಕ್ಕುವುದು ಹೊಸಬರಲ್ಲಿ ನಾನು ಅತಿ ಹೆಚ್ಚು ಕಾಣುವ ದೋಷ.

ಹಂತ 5: ಶೇಡಿಂಗ್ ವಿಧಾನದ ಆಯ್ಕೆ

ಬಳಕೆಯಲ್ಲಿರುವ ವಿಧಾನಗಳು ಮುಖ್ಯವಾಗಿ ನಾಲ್ಕು. ಸೆಲ್ ಶೇಡಿಂಗ್ ಎಂದರೆ ಆನಿಮೇಷನ್ ಚಿತ್ರಗಳಲ್ಲಿ ಕಾಣುವಂತೆ ಬೆಳಕಿಗೆ ಒಂದು ಬಣ್ಣ, ನೆರಳಿಗೆ ಒಂದು ಬಣ್ಣ, ನಡುವೆ ಹರಿತವಾದ ಅಂಚು. ಇದು ಬೇಗ ಮುಗಿಯುತ್ತದೆ, ಆದರೆ ನೆರಳಿನ ಆಕಾರ ತಪ್ಪಿದರೆ ಮರೆಮಾಚಲು ಜಾಗವಿರುವುದಿಲ್ಲ. ಎರಡನೆಯದು ಹ್ಯಾಚಿಂಗ್, ಅಂದರೆ ಪೆನ್ನಿನ ಗೆರೆಗಳನ್ನು ಒತ್ತೊತ್ತಾಗಿ ಎಳೆದು ನೆರಳು ತೋರಿಸುವುದು. ಪುಸ್ತಕದ ಒಳಪುಟದ ಕಪ್ಪುಬಿಳುಪು ಚಿತ್ರಗಳಿಗೆ ಇದು ಇಂದಿಗೂ ಚೆನ್ನಾಗಿ ಹೊಂದುತ್ತದೆ. ಮೂರನೆಯದು ಬಣ್ಣಗಳನ್ನು ಒಂದರೊಳಗೊಂದು ಬೆರೆಸುತ್ತ ತೈಲಚಿತ್ರದಂತೆ ಕಟ್ಟುವ ವಿಧಾನ. ನಾಲ್ಕನೆಯದರಲ್ಲಿ ಇಡೀ ಚಿತ್ರವನ್ನು ಬೂದು ಛಾಯೆಗಳಲ್ಲಿ ಮುಗಿಸಿ, ಅದರ ಮೇಲೆ ಬಣ್ಣದ ಲೇಯರ್ ಇಡಲಾಗುತ್ತದೆ. ಅಜ್ಜಿಯ ಫೋಟೋ ಕಪ್ಪುಬಿಳುಪಿನದಾದರೆ ಈ ನಾಲ್ಕನೆಯದು ಸುಲಭವೆನಿಸುತ್ತದೆ, ಆದರೆ ಬೂದಿನ ಮೇಲೆ ಬಣ್ಣ ಕೂರಿಸಿದಾಗ ಚರ್ಮ ನಿರ್ಜೀವವಾಗಿ ಕಾಣುವುದರಿಂದ ಕೊನೆಯಲ್ಲಿ ಬಣ್ಣದಿಂದಲೇ ಮತ್ತೊಮ್ಮೆ ತಿದ್ದಬೇಕಾಗುತ್ತದೆ.

ಯಾವ ವಿಧಾನವಾದರೂ ಒಂದು ಪರೀಕ್ಷೆ ಎಲ್ಲದಕ್ಕೂ ಅನ್ವಯಿಸುತ್ತದೆ. ಎಲ್ಲ ಲೇಯರ್‌ಗಳ ಮೇಲೆ ಒಂದು ಹೊಸ ಲೇಯರ್ ಇಟ್ಟು, ಅದನ್ನು ಕಪ್ಪು ಬಣ್ಣದಿಂದ ತುಂಬಿ, ಕೆಳಗಿನ ಲೇಯರ್‌ಗಳೊಂದಿಗೆ ಅದು ಬೆರೆಯುವ ರೀತಿಯನ್ನು (ಬ್ಲೆಂಡಿಂಗ್ ಮೋಡ್) ಕಲರ್ ಎಂದು ಬದಲಿಸಿ. ಚಿತ್ರ ತಕ್ಷಣ ಕಪ್ಪುಬಿಳುಪಾಗಿ ಕಾಣುತ್ತದೆ. ಆಗ ಮುಖ ಮತ್ತು ಹಿನ್ನೆಲೆ ಬೇರೆ ಬೇರೆಯಾಗಿ ಎದ್ದು ಕಾಣದಿದ್ದರೆ ನಿಮ್ಮ ಛಾಯೆಗಳು ಒಂದರ ಹತ್ತಿರ ಒಂದು ಬಂದುಬಿಟ್ಟಿವೆ ಎಂದರ್ಥ; ಎಷ್ಟು ಬಣ್ಣ ಬಳಿದರೂ ಅದು ಸರಿಹೋಗುವುದಿಲ್ಲ. ನೋಡಿಯಾದ ಮೇಲೆ ಆ ಲೇಯರನ್ನು ಮರೆಮಾಡಿ, ಮತ್ತೆ ಬೇಕಾಗುತ್ತದೆ.

ಹಂತ 6: ಬಣ್ಣದ ನೆರಳು

ಮುಖ ಮಸಿ ಹಿಡಿದಂತೆ ಕಾಣುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಚರ್ಮದ ಬಣ್ಣಕ್ಕೆ ಕಪ್ಪನ್ನು ಅಥವಾ ಬೂದನ್ನು ಬೆರೆಸಿದರೆ ನೆರಳಾಗುವುದಿಲ್ಲ, ಕೊಳೆಯಾಗುತ್ತದೆ. ಚರ್ಮದೊಳಗೆ ಸ್ವಲ್ಪ ದೂರ ಇಳಿದ ಬೆಳಕು ರಕ್ತದ ಕೆಂಪನ್ನು ಹೊತ್ತು ಹೊರಬರುವುದರಿಂದ, ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ ಚರ್ಮದ ಬಣ್ಣ ಮಂಕಾಗುವ ಬದಲು ಇನ್ನಷ್ಟು ತೀವ್ರವಾಗುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿಯೂ ಇದನ್ನು ಕಾಣಬಹುದು.

ಬಣ್ಣ ಆರಿಸುವ ಪೆಟ್ಟಿಗೆಯಲ್ಲಿ ಮೂರು ಅಳತೆಗಳಿರುತ್ತವೆ: ಯಾವ ಬಣ್ಣ ಎಂಬುದು ಹ್ಯೂ, ಎಷ್ಟು ತೀವ್ರ ಎಂಬುದು ಸ್ಯಾಚುರೇಷನ್, ಎಷ್ಟು ತಿಳಿ ಎಂಬುದು ವ್ಯಾಲ್ಯೂ. ಸಾಧಾರಣ ಕಂದು ಚರ್ಮಕ್ಕೆ ಹ್ಯೂ 22, ಸ್ಯಾಚುರೇಷನ್ 55, ವ್ಯಾಲ್ಯೂ 62 ಎಂದು ಆರಂಭಿಸಿ ನೋಡಿ. ನೆರಳಿಗೆ ವ್ಯಾಲ್ಯೂವನ್ನು 40ರ ಸುಮಾರಿಗೆ ಇಳಿಸುವಾಗಲೇ ಹ್ಯೂವನ್ನು 14ರ ಕಡೆಗೆ, ಅಂದರೆ ಕೆಂಪಿನತ್ತ ಸರಿಸಿ, ಸ್ಯಾಚುರೇಷನ್ ಅನ್ನು 65ಕ್ಕೆ ಏರಿಸಿ. ಬೆಳಕಿನ ಭಾಗಕ್ಕೆ ವ್ಯಾಲ್ಯೂ 80ರವರೆಗೆ ಏರಿಸಿ ಸ್ಯಾಚುರೇಷನ್ ಅನ್ನು 35ಕ್ಕೆ ಇಳಿಸಿ. ಇವು ಆರಂಭದ ಅಂಕಿಗಳು ಮಾತ್ರ. ಮುಂದೆ ಕಣ್ಣೇ ನಿರ್ಧರಿಸಬೇಕು. ಕಿಟಕಿಯ ಬೆಳಕಾದರೆ ಹಣೆಯ ಮತ್ತು ಮೂಗಿನ ತುದಿಯ ಹೊಳಪಿಗೆ ಬಿಳಿಯ ಬದಲು ಅತಿ ತಿಳಿಯಾದ ನೀಲಿಬೂದನ್ನು ಬಳಸಿ, ಆಕಾಶದ ಬೆಳಕಿಗೆ ಆ ಬಣ್ಣವಿರುತ್ತದೆ. ಫೋಟೋಕ್ಕಿಂತ ಮೈಬಣ್ಣವನ್ನು ತಿಳಿಮಾಡಿ ಬೆಳ್ಳಗೆ ತೋರಿಸಿ ಎಂದು ಕೆಲವರು ಕೇಳುತ್ತಾರೆ. ಹಾಗೆ ಮಾಡಿದರೆ ಹೋಲಿಕೆ ಹೋಗುತ್ತದೆ ಎಂದು ವಿನಯದಿಂದ ತಿಳಿಸುವುದು ನಮ್ಮ ಕೆಲಸದ ಭಾಗವೆಂದೇ ನಾನು ತಿಳಿದಿದ್ದೇನೆ. ಅಜ್ಜಿ ಇದ್ದ ಬಣ್ಣದಲ್ಲಿಯೇ ಚೆಂದ.

ನೆರಳಿನ ಲೇಯರ್‌ಗೆ ಮಲ್ಟಿಪ್ಲೈ ಎಂಬ ಬೆರೆಯುವ ರೀತಿಯನ್ನು ಬಳಸುವುದು ವಾಡಿಕೆ. ಅದು ಮೇಲಿನ ಮತ್ತು ಕೆಳಗಿನ ಬಣ್ಣಗಳನ್ನು ಗುಣಿಸಿ ಯಾವಾಗಲೂ ಇನ್ನಷ್ಟು ಗಾಢ ಮಾಡುತ್ತದೆ. ಆ ಲೇಯರಿನಲ್ಲಿ ಬೂದು ಬಳಿದರೆ ಚರ್ಮ ಬೂದಿ ಬಳಿದಂತಾಗುತ್ತದೆ. ಬದಲಿಗೆ ತಿಳಿಯಾದ ಕೆನ್ನೇರಳೆ ಅಥವಾ ಇಟ್ಟಿಗೆಗೆಂಪನ್ನು ಬಳಿಯಿರಿ. ಬಣ್ಣ ಮುಖದ ಹೊರಗೆ ಚೆಲ್ಲದಿರಲು ಕ್ಲಿಪ್ಪಿಂಗ್ ಮಾಸ್ಕ್ ಹಾಕಿ: ಕೆಳಗಿನ ಲೇಯರಿನಲ್ಲಿ ಬಣ್ಣವಿರುವ ಜಾಗದೊಳಗೆ ಮಾತ್ರ ಮೇಲಿನ ಲೇಯರ್ ಕಾಣುವಂತೆ ಮಾಡುವ ಸೌಲಭ್ಯ ಅದು.

ವಸ್ತುಗಳಿಗೆ ತಕ್ಕಂತೆ ನೆರಳು ಬದಲಾಗುತ್ತದೆ. ಹತ್ತಿ ಸೀರೆಗೆ ಹೊಳಪು ಬೇಡ, ಬೆಳಕಿನಿಂದ ನೆರಳಿಗೆ ನಿಧಾನವಾದ ಇಳಿತ ಸಾಕು. ರೇಷ್ಮೆಯ ಮಡಿಕೆಗಳಲ್ಲಿ ಹೊಳಪು ಮಡಿಕೆಯ ಉದ್ದಕ್ಕೂ ಪಟ್ಟಿಯಾಗಿ ಓಡುತ್ತದೆ. ಜರಿಯ ಅಂಚನ್ನು ಹಳದಿ ಬಣ್ಣದಿಂದ ತುಂಬಿದರೆ ಅರಿಸಿನದ ಬಟ್ಟೆಯಂತೆ ಕಾಣುತ್ತದೆ. ಬಂಗಾರ ಬಂಗಾರವಾಗುವುದು ಅದರ ಬಹುಭಾಗ ಗಾಢ ಕಂದಾಗಿದ್ದು, ಕೆಲವೇ ಜಾಗದಲ್ಲಿ ತಿಳಿಹಳದಿ ಚುಕ್ಕೆಗಳಿದ್ದಾಗ. ಮೂಗುಬೊಟ್ಟು ಮತ್ತು ಓಲೆಗಳಿಗೂ ಇದೇ ಕ್ರಮ. ನರೆತ ಕೂದಲಿಗೆ ಬಿಳಿ ಬಳಿಯಬೇಡಿ. ನಡುಬೂದಿನಲ್ಲಿ ಮೊದಲು ಇಡೀ ತುರುಬಿನ ಆಕಾರವನ್ನು ಕಟ್ಟಿ, ಬೆಳಕಿನತ್ತ ಇರುವ ಕಡೆ ಮಾತ್ರ ಕೆಲವು ಬಿಳಿ ಎಳೆಗಳನ್ನು ಎಳೆಯಿರಿ. ಸುಕ್ಕುಗಳನ್ನು ಕಪ್ಪು ಗೆರೆಗಳಾಗಿ ಎಳೆದರೆ ಅಜ್ಜಿಗೆ ಇನ್ನೂ ಹತ್ತು ವರ್ಷ ವಯಸ್ಸಾಗುತ್ತದೆ. ಪ್ರತಿ ಸುಕ್ಕಿನ ಒಂದು ಬದಿಗೆ ಮೃದುವಾದ ನೆರಳು, ಇನ್ನೊಂದು ಬದಿಗೆ ಸಣ್ಣ ಬೆಳಕು ಕೊಟ್ಟರೆ ಅದು ಚರ್ಮದ ಮಡಿಕೆಯಾಗಿಯೇ ಕಾಣುತ್ತದೆ.

ಇನ್ನೆರಡು ತಪ್ಪುಗಳ ಬಗ್ಗೆ ಎಚ್ಚರಿಕೆಯಿರಲಿ. ಪ್ರತಿ ಆಕಾರದ ನಡುವೆ ತಿಳಿ, ಸುತ್ತಲೂ ಗಾಢ ಮಾಡುತ್ತ ಹೋದರೆ ಮುಖದ ಭಾಗಗಳೆಲ್ಲ ಬೇರೆ ಬೇರೆ ಬೆಳಕಿನಲ್ಲಿ ಇರುವಂತೆ ಕಾಣುತ್ತವೆ. ನೀವು ಹಾಕಿದ ಬಾಣದ ಗುರುತನ್ನು ಆಗ ನೋಡಿಕೊಳ್ಳಿ. ಹೊಳಪಿನ ಚುಕ್ಕೆಗಳನ್ನು ಕೊನೆಯಲ್ಲಿ, ಬಹಳ ಕಡಿಮೆ ಸಂಖ್ಯೆಯಲ್ಲಿ ಇಡಿ. ಎರಡೂ ಕಣ್ಣುಗಳಲ್ಲಿ ಅವು ಒಂದೇ ದಿಕ್ಕಿನಲ್ಲಿರಬೇಕು.

ಹಂತ 7: ಬೆಲೆಯ ಲೆಕ್ಕ

ಬೇರೆಯವರು ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ನೋಡಿ ಅದಕ್ಕಿಂತ ನೂರು ರೂಪಾಯಿ ಕಡಿಮೆ ಹೇಳುವುದು ಬೆಲೆ ಕಟ್ಟುವ ಕ್ರಮವಲ್ಲ. ನಿಮ್ಮ ಗಂಟೆಯ ದರವನ್ನು ಮೊದಲು ಕಂಡುಕೊಳ್ಳಿ. ಇದನ್ನೇ ಪೂರ್ಣಾವಧಿ ಕೆಲಸ ಮಾಡಿಕೊಂಡವರೊಬ್ಬರ ಲೆಕ್ಕವನ್ನು ಹೀಗೆ ಊಹಿಸೋಣ: ಮನೆ ಮತ್ತು ಸ್ವಂತ ಖರ್ಚಿಗೆ ತಿಂಗಳಿಗೆ ₹24,000, ಕಂಪ್ಯೂಟರ್ ಮತ್ತು ಟ್ಯಾಬ್ಲೆಟ್‌ಗೆ ತೊಡಗಿಸಿದ ₹72,000 ಮೂರು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ ₹2,000, ವಿದ್ಯುತ್, ಇಂಟರ್ನೆಟ್, ಆ್ಯಪ್ ಮತ್ತು ರಿಪೇರಿಗೆ ₹2,000, ವಿಮೆ ಮತ್ತು ಉಳಿತಾಯಕ್ಕೆ ₹4,000. ಒಟ್ಟು ₹32,000. ತಿಂಗಳಿಗೆ 25 ದಿನ, ದಿನಕ್ಕೆ 6 ಗಂಟೆ ಕುಳಿತರೂ 150 ಗಂಟೆಗಳಲ್ಲಿ ಹಣ ಬರುವ ಕೆಲಸಕ್ಕೆ ಸಿಗುವುದು 80 ಗಂಟೆ ಎಂದು ತಿಳಿಯಿರಿ. ಉಳಿದದ್ದು ಅಭ್ಯಾಸ, ಮಾತುಕತೆ, ಲೆಕ್ಕಪತ್ರಗಳಲ್ಲಿ ಕಳೆಯುತ್ತದೆ. 32,000ವನ್ನು 80ರಿಂದ ಭಾಗಿಸಿದರೆ ಗಂಟೆಗೆ ₹400. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಕ್ರಮ ಇದೇ.

ಈಗ ಅಜ್ಜಿಯ ಚಿತ್ರಕ್ಕೆ ಬನ್ನಿ. ಕರಡು 2 ಗಂಟೆ, ಗೆರೆ 2, ಸಮಬಣ್ಣ 1, ಬೆರೆಸುವ ಶೇಡಿಂಗ್ 7, ತಿದ್ದುಪಡಿ 1, ಫೈಲ್ ಸಿದ್ಧತೆ 1, ಒಟ್ಟು 14 ಗಂಟೆ, ಅಂದರೆ ₹5,600. ಅನಿರೀಕ್ಷಿತಗಳಿಗೆ ಶೇಕಡಾ ಹತ್ತರಷ್ಟು ಸೇರಿಸಿದರೆ ಸುಮಾರು ₹6,200. ಇದೇ ಚಿತ್ರವನ್ನು ಸೆಲ್ ಶೇಡಿಂಗ್‌ನಲ್ಲಿ ಮಾಡಿದರೆ ಶೇಡಿಂಗಿಗೆ 2 ಗಂಟೆ ಸಾಕು. ಒಟ್ಟು 9 ಗಂಟೆ, ಅದೇ ಶೇಕಡಾ ಹತ್ತು ಸೇರಿಸಿ ಸುಮಾರು ₹4,000. ಗ್ರಾಹಕರು ಬೆಲೆ ಹೆಚ್ಚಾಯಿತು ಎಂದಾಗ ನೀವು ತೋರಿಸಬೇಕಾದದ್ದು ಈ ಎರಡನೆಯ ದಾರಿಯನ್ನು. ದರವನ್ನು ಇಳಿಸಬೇಡಿ, ಕೆಲಸವನ್ನು ಇಳಿಸಿ: ಶೇಡಿಂಗ್ ಸರಳಗೊಳಿಸಬಹುದು, ಹಿನ್ನೆಲೆ ಬಿಡಬಹುದು, ಸೊಂಟದವರೆಗಿನ ಚಿತ್ರವನ್ನು ಎದೆಯವರೆಗೆ ಮಾಡಬಹುದು. ಒಮ್ಮೆ ಇಳಿಸಿದ ದರವನ್ನು ಅದೇ ಗ್ರಾಹಕರ ಮುಂದೆ ಮತ್ತೆ ಏರಿಸುವುದು ಬಹಳ ಕಷ್ಟ.

ಹೊಸಬರು ಇದೇ ಚಿತ್ರಕ್ಕೆ 30 ಗಂಟೆ ತೆಗೆದುಕೊಂಡರೆ ಅಷ್ಟನ್ನೂ ಗ್ರಾಹಕರ ಮೇಲೆ ಹಾಕುವುದು ಸರಿಯಲ್ಲ. ಕಲಿಕೆಯ ಸಮಯ ನಿಮ್ಮದು. ಮೊದಲ ಕೆಲವು ಚಿತ್ರಗಳಿಗೆ ಪ್ರತಿ ಹಂತದ ಸಮಯವನ್ನು ಬರೆದಿಟ್ಟುಕೊಳ್ಳಿ, ಯಾವ ಹಂತದಲ್ಲಿ ಸಿಕ್ಕಿಕೊಳ್ಳುತ್ತೀರಿ ಎಂಬುದು ತಿಳಿಯುತ್ತದೆ; ಬೆಲೆಯೂ ಕೈಚಳಕವೂ ಅದರಿಂದಲೇ ಸುಧಾರಿಸುತ್ತವೆ.

ಒಂದೇ ಚಿತ್ರದಲ್ಲಿ ಇಬ್ಬರಿದ್ದರೆ ಎರಡನೆಯ ಮುಖಕ್ಕೂ ಹೆಚ್ಚುಕಡಿಮೆ ಅಷ್ಟೇ ಶ್ರಮವಿರುವುದರಿಂದ ಅರ್ಧ ಬೆಲೆಗೆ ಒಪ್ಪಬೇಡಿ. ಅವಸರದ ಕೆಲಸಕ್ಕೆ ಕಾಲುಭಾಗದಿಂದ ಅರ್ಧದವರೆಗೆ ಹೆಚ್ಚು ಕೇಳುವುದು ನ್ಯಾಯವೇ. ಇನ್ನು ನೆಂಟರಿಷ್ಟರ ವಿಷಯ. "ನಮ್ಮವರೇ ಅಲ್ವಾ, ಏನೋ ಒಂದು ನೋಡಿ ಮಾಡಪ್ಪಾ" ಎಂದಾಗ ಅರ್ಧ ಬೆಲೆಗೆ ಮಾಡಿ ಮನಸ್ಸಿನಲ್ಲಿ ಕೊರಗುವುದಕ್ಕಿಂತ, ಉಡುಗೊರೆಯಾಗಿ ಪೂರ್ತಿ ಉಚಿತವಾಗಿ ಕೊಡಿ ಅಥವಾ ಪೂರ್ತಿ ಬೆಲೆ ಹೇಳಿ ಎಂಬುದು ನನ್ನ ಸಲಹೆ.

ಮುದ್ರಿತ ಪ್ರತಿಗಳ ಲೆಕ್ಕ ಬೇರೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಂಥ ಕಡೆ ನಿಮ್ಮ ಸ್ವಂತ ಕಲ್ಪನೆಯ ಚಿತ್ರಗಳ ಪ್ರತಿಗಳನ್ನು ಮಾರುವುದಾದರೆ, ರಚನೆಯ ಶ್ರಮ ಅನೇಕ ಪ್ರತಿಗಳಿಗೆ ಹಂಚಿಹೋಗುತ್ತದೆ. ಕಾಗದ, ಮುದ್ರಣ, ಹೊದಿಕೆ, ಸಾಗಣೆ ಸೇರಿದ ಅಸಲಿನ ಮೂರು-ನಾಲ್ಕು ಪಟ್ಟು ಇಟ್ಟರೆ ಉಳಿದ ಪ್ರತಿಗಳ ನಷ್ಟವನ್ನೂ ತಾಳಿಕೊಳ್ಳಬಹುದು. ಡಿಜಿಟಲ್ ಚಿತ್ರಕ್ಕೆ ಮೂಲಪ್ರತಿ ಎಂಬುದಿಲ್ಲದ ಕಾರಣ, ಇಂತಿಷ್ಟೇ ಪ್ರತಿಗಳೆಂದು ಘೋಷಿಸಿ 7/50 ಎಂಬಂತೆ ಸಂಖ್ಯೆ ಬರೆದು ಸಹಿ ಹಾಕುವ ಪದ್ಧತಿಯಿದೆ. ಹಾಗೆ ಬರೆದ ಮೇಲೆ 51ನೆಯ ಪ್ರತಿಯನ್ನು ಮುದ್ರಿಸಬಾರದು.

ಹಂತ 8: ಕರಾರು ಮತ್ತು ಹಕ್ಕು

ಕರಾರು ಎಂದರೆ ಛಾಪಾ ಕಾಗದವೇ ಬೇಕೆಂದಿಲ್ಲ. ಮನೆಬಳಕೆಯ ಚಿತ್ರಕ್ಕೆ ಒಂದು ಸ್ಪಷ್ಟ ಸಂದೇಶ ಮತ್ತು ಅದಕ್ಕೆ ಗ್ರಾಹಕರ ಒಪ್ಪಿಗೆಯ ಉತ್ತರ ಸಾಕಾಗುತ್ತದೆ. ಹೀಗೆ ಬರೆಯಬಹುದು:

"ನಮಸ್ಕಾರ ಮೇಡಂ. ನಿಮ್ಮ ಅಜ್ಜಿಯವರ ಭಾವಚಿತ್ರ, ಎದೆಯವರೆಗೆ, ಎ3 ಅಳತೆ, ಪೂರ್ಣ ಬಣ್ಣದ ಶೇಡಿಂಗ್, ಸರಳ ಹಿನ್ನೆಲೆ. ಒಟ್ಟು ₹6,200; ಅರ್ಧ ಮುಂಗಡ, ಉಳಿದದ್ದು ಅಂತಿಮ ಫೈಲ್ ಕಳುಹಿಸುವ ಮೊದಲು. ಕರಡಿನಲ್ಲಿ ಎರಡು ಬಾರಿ, ಬಣ್ಣದ ನಂತರ ಒಂದು ಬಾರಿ ತಿದ್ದುಪಡಿ ಇದರಲ್ಲಿಯೇ ಸೇರಿದೆ. ಹೆಚ್ಚಿನದಕ್ಕೆ ಗಂಟೆಗೆ ₹400. ಮುದ್ರಣ, ಫ್ರೇಮ್, ಕೊರಿಯರ್ ಖರ್ಚು ಬೇರೆ. ಚಿತ್ರ ಮನೆಬಳಕೆಗೆ ಮಾತ್ರ, ಹಕ್ಕುಸ್ವಾಮ್ಯ ಕಲಾವಿದರಲ್ಲಿಯೇ ಇರುತ್ತದೆ. ಕರಡು ಒಪ್ಪಿದ ಮೇಲೆ ಕೆಲಸ ರದ್ದಾದರೆ ಮುಂಗಡ ಹಿಂದಿರುಗುವುದಿಲ್ಲ. ಒಪ್ಪಿಗೆಯಿದ್ದರೆ ದಯವಿಟ್ಟು ಉತ್ತರಿಸಿ."

ಹಕ್ಕುಸ್ವಾಮ್ಯದ ವಾಕ್ಯವನ್ನು ಅಲಕ್ಷಿಸಬೇಡಿ. ಚಿತ್ರ ಬರೆದವರೇ ಅದರ ಹಕ್ಕುದಾರರು ಎಂಬ ನಂಬಿಕೆ ಎಲ್ಲೆಡೆ ಇದೆ. ಸ್ವಂತ ಕಲ್ಪನೆಯ ಚಿತ್ರದ ಮಟ್ಟಿಗೆ ಅದು ನಿಜ. ಆದರೆ ಭಾರತದ ಹಕ್ಕುಸ್ವಾಮ್ಯ ಕಾಯ್ದೆ, 1957ರ 17ನೆಯ ಕಲಮಿನ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿಕೊಂಡ ವರ್ಣಚಿತ್ರ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿಕೊಂಡವರೇ ಮೊದಲ ಹಕ್ಕುದಾರರಾಗುತ್ತಾರೆ. ಮೇಲಿನ ಒಂದು ವಾಕ್ಯವೇ ಆ ಬೇರೆ ಒಪ್ಪಂದ. ಹಕ್ಕನ್ನು ನೀವೇ ಮಾರುವುದಾದರೆ 19ನೆಯ ಕಲಮಿನಂತೆ ಬರವಣಿಗೆ ಮತ್ತು ಸಹಿ ಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಪರಿಗಣಿಸಲಾಗುತ್ತದೆ. ಹಕ್ಕು ಮಾರಿದ ಮೇಲೂ ಚಿತ್ರದ ಕರ್ತೃ ನಾನೇ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಕಲಮು ನಿಮಗೆ ಉಳಿಸಿಕೊಡುತ್ತದೆ.

ಪುಸ್ತಕದ ಮುಖಪುಟ, ಉತ್ಪನ್ನದ ಪೊಟ್ಟಣ, ಜಾಹೀರಾತು ಮುಂತಾದ ವ್ಯಾಪಾರಿ ಬಳಕೆಗೆ ಗಂಟೆಯ ಲೆಕ್ಕದ ಜೊತೆಗೆ ಬಳಕೆಯ ಶುಲ್ಕವೂ ಸೇರಬೇಕು. ಎಷ್ಟು ಪ್ರತಿ, ಎಷ್ಟು ವರ್ಷ, ಯಾವ ಮಾಧ್ಯಮ ಎಂಬುದನ್ನು ಕೇಳಿ ಬರೆಸಿಕೊಳ್ಳಿ. ಒಮ್ಮೆ ಮುಖಪುಟಕ್ಕೆಂದು ಕೊಟ್ಟ ಚಿತ್ರ ಆಮೇಲೆ ಕ್ಯಾಲೆಂಡರಿನಲ್ಲಿ ಕಾಣಿಸಿಕೊಂಡರೆ ಪ್ರಶ್ನಿಸಲು ಈ ಬರಹವೇ ಆಧಾರ. ಇದೇ ನ್ಯಾಯ ನಮಗೂ ಅನ್ವಯಿಸುತ್ತದೆ: ಅಂತರ್ಜಾಲದಲ್ಲಿ ಸಿಕ್ಕ ಛಾಯಾಗ್ರಾಹಕರೊಬ್ಬರ ಫೋಟೋವನ್ನು ಅನುಮತಿಯಿಲ್ಲದೆ ಹಾಗೆಯೇ ಚಿತ್ರವಾಗಿಸಿ ಮಾರುವುದು ತಪ್ಪು.

ಹಂತ 9: ಫೈಲ್, ಹಣ, ತೆರಿಗೆ

ಹಣ ಪೂರ್ತಿ ಬರುವವರೆಗೆ ಉದ್ದದ ಬದಿ 1200 ಪಿಕ್ಸೆಲ್ ಇರುವ, ಹೆಸರಿನ ಗುರುತು ಹಾಕಿದ ಚಿಕ್ಕ ಪ್ರತಿಯನ್ನು ಮಾತ್ರ ತೋರಿಸಿ. ಅಂತಿಮ ಫೈಲನ್ನು ಪಿಎನ್‌ಜಿ ಅಥವಾ ಟಿಫ್ ರೂಪದಲ್ಲಿ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿ, ಇಲ್ಲವೇ ಡ್ರೈವ್ ಕೊಂಡಿ ಕೊಡಿ. ಲೇಯರ್‌ಗಳಿರುವ ಮೂಲ ಫೈಲ್ ಕೊಡಬೇಕಾಗಿಲ್ಲ, ಕೇಳಿದರೆ ಅದಕ್ಕೆ ಬೇರೆ ಬೆಲೆ. ದೊಡ್ಡ ಮುದ್ರಣಕ್ಕೆ ಮೊದಲು ಎ4 ಹಾಳೆಯಲ್ಲಿ ಒಂದು ಪರೀಕ್ಷಾ ಪ್ರತಿ ತೆಗೆಸಿ. ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ಕೆಲಸ ಮಾಡುವವರ ಚಿತ್ರಗಳು ಕಾಗದದಲ್ಲಿ ನಿರೀಕ್ಷೆಗಿಂತ ಕಪ್ಪಾಗಿ ಬರುತ್ತವೆ, ಅಜ್ಜಿಯ ಮುಖದ ನೆರಳಿನ ಭಾಗ ಮೊದಲು ಮುಚ್ಚಿಹೋಗುತ್ತದೆ.

ಪ್ರತಿ ಕೆಲಸಕ್ಕೂ ಕ್ರಮಸಂಖ್ಯೆ, ದಿನಾಂಕ, ವಿವರ, ಮೊತ್ತ ಇರುವ ಬಿಲ್ ಕೊಡಿ. ಸೇವೆಯ ವಾರ್ಷಿಕ ವಹಿವಾಟು ₹20 ಲಕ್ಷ ದಾಟುವವರೆಗೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ, ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲು ಮಾಡುವಂತೆಯೂ ಇಲ್ಲ. ಮುದ್ರಿತ ಪ್ರತಿಗಳನ್ನು ಮಾರಾಟ ಜಾಲತಾಣಗಳ ಮೂಲಕ ಮಾರುವವರಿಗೆ ನಿಯಮಗಳು ಬೇರೆ ಇರುವುದರಿಂದ ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಿರಿ. ಕಂಪನಿಗಳು ವೃತ್ತಿಪರ ಶುಲ್ಕ ಕೊಡುವಾಗ ವಾರ್ಷಿಕ ಮಿತಿ ದಾಟಿದರೆ ಶೇಕಡಾ 10ರಷ್ಟು ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ, ಕಡಿತ ಮಾಡುವುದು ರೂಢಿ. ಪ್ಯಾನ್ ಸಂಖ್ಯೆ ಕೊಡದಿದ್ದರೆ ಕಡಿತ ಶೇಕಡಾ 20ಕ್ಕೆ ಏರುತ್ತದೆ. ಕಡಿತವಾದ ಹಣ ಕಳೆದುಹೋದದ್ದಲ್ಲ. ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು ಅಥವಾ ಹಿಂಪಡೆಯಬಹುದು.

ವರ್ಷಕ್ಕೊಮ್ಮೆ 7ನೆಯ ಹಂತದ ಲೆಕ್ಕವನ್ನು ಹೊಸದಾಗಿ ಮಾಡಿ. ಕೈಯಲ್ಲಿರುವ ಕೆಲಸ ಒಂದೂವರೆ-ಎರಡು ತಿಂಗಳಿಗೂ ಸಾಲುಗಟ್ಟಿ ನಿಂತಿದ್ದರೆ ದರ ಏರಿಸುವ ಕಾಲ ಬಂದಿದೆ. ಹೊಸ ದರ ಯಾವ ದಿನಾಂಕದಿಂದ ಜಾರಿಗೆ ಬರುತ್ತದೆ ಎಂದು ಮೊದಲೇ ಪ್ರಕಟಿಸಿ, ಅದಕ್ಕೆ ಮುಂಚೆ ಮುಂಗಡ ಕೊಟ್ಟವರ ಚಿತ್ರಗಳನ್ನು ಹಳೆಯ ದರದಲ್ಲಿಯೇ ಮುಗಿಸಿಕೊಡಿ.